ರಕ್ತಕ್ಕೆ ತಣ್ಣೀರು

ರಕ್ತಕ್ಕೆ ತಣ್ಣೀರೇ ಆಗಬೇಕು. ಬಿಸಿನೀರು ಬಿತ್ತೋ, ಕಲೆ ನೂಲಿನೊಳಗೆ ಹೋಗಿ ಕೂತುಬಿಡುತ್ತೆ. ಆಮೇಲೆ ಯಾರಪ್ಪ ಬಂದು ಉಜ್ಜಿದರೂ ಏಳಲ್ಲ. ಆಸ್ಪತ್ರೆಯ ಹಿಂಭಾಗದ ಒಗೆಯೋ ಶೆಡ್ಡಿನಲ್ಲಿ ಇದನ್ನು ಯಾರೂ ಗೋಡೆ ಮೇಲೆ ಬರೆದು ಹಾಕಿರಲಿಲ್ಲ. ಬರೆದು ಹಾಕಿದ್ದು ಬೇರೆ: ಮಾತಾಡಬೇಡಿ, ಕೂರಬೇಡಿ, ಮೊಬೈಲ್ ತರಬೇಡಿ. ತಣ್ಣೀರಿನ ವಿಷಯ ಅಲ್ಲಿ ದುಡಿಯೋ ಐದು ಜನ ಹೆಂಗಸರಿಗೆ ಗೊತ್ತಿತ್ತು, ಅಷ್ಟೆ.

ಐವರಲ್ಲಿ ಹಿರಿಯಳು ದೊಡ್ಡಕ್ಕ. ಇಪ್ಪತ್ತೆರಡು ವರ್ಷದಿಂದ ಅದೇ ತೊಟ್ಟಿ, ಅದೇ ಕಲ್ಲು. ಬೆಳಿಗ್ಗೆ ಆರಕ್ಕೆ ಆಪರೇಷನ್ ಥಿಯೇಟರಿನ ಬೆಡ್‌ಶೀಟುಗಳು ಗಂಟು ಗಂಟಾಗಿ ಬಂದು ಬೀಳುತ್ತಿದ್ದವು. ಬಿಚ್ಚಿದರೆ ರಕ್ತ, ಕೀವು, ಹೆರಿಗೆಯ ನೀರು, ಒಮ್ಮೊಮ್ಮೆ ಯಾರೋ ಮರೆತ ಸೂಜಿ. ಮೊದಲು ತಣ್ಣೀರ ತೊಟ್ಟಿಯಲ್ಲಿ ನೆನೆಹಾಕಬೇಕು. ತುಳಿಯಬೇಕು, ಹಿಂಡಬೇಕು, ನೀರು ತಿಳಿಯಾಗುವ ತನಕ ಬದಲಿಸುತ್ತಲೇ ಇರಬೇಕು. ಆಮೇಲೆ ಸೋಪು. ಬಾಯ್ಲರಿನ ಬಿಸಿನೀರು ಎಲ್ಲಕ್ಕಿಂತ ಕೊನೆಗೆ, ಆಚೆ ತೊಟ್ಟಿಯಲ್ಲಿ. ಒಗೆಯೋ ಮಷೀನು ಒಂದಿತ್ತು, ಕೆಟ್ಟು ಎರಡು ವರ್ಷವಾಗಿತ್ತು. ಅದನ್ನು ರಿಪೇರಿ ಮಾಡಿಸುವುದಕ್ಕಿಂತ ಐದು ಹೆಂಗಸರ ಸೊಂಟ ಅಗ್ಗ ಅಂತ ಆಸ್ಪತ್ರೆಯವರು ಕಂಡುಕೊಂಡಿದ್ದರು. ಮೊಣಕೈವರೆಗಿನ ರಬ್ಬರ್ ಗ್ಲೌಸು ಕೂಡ ಸುಮ್ಮನೆ ಬಂದಿದ್ದಲ್ಲ. ಸೂಜಿ ಚುಚ್ಚಿ, ಕೀವಾಗಿ, ಒಬ್ಬಳ ಬೆರಳು ಕತ್ತರಿಸಿದ ಮೇಲೆ ಐವರೂ ಮೂರು ದಿನ ಕಲ್ಲಿನ ಮೇಲೆ ಕೈಕಟ್ಟಿ ಕೂತಿದ್ದರು. ಆಗ ಬಂತು ಗ್ಲೌಸು. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಯಾರ ಕೈ, ಯಾರ ಬಾಯಿ ಅನ್ನೋದನ್ನ ಮಾತ್ರ ಆ ಗಾದೆ ಹೇಳಲ್ಲ.

ದೊಡ್ಡಕ್ಕನಿಗೆ ಒಬ್ಬಳೇ ಮಗಳು, ಇಪ್ಪತ್ತು ವರ್ಷದವಳು. ಗಂಡ ಅನ್ನೋನು ಮಗು ತೊಟ್ಟಿಲಲ್ಲಿದ್ದಾಗಲೇ ಎದ್ದು ಹೋಗಿದ್ದ. ತಣ್ಣೀರಿನ ವಿಷಯ ಮಗಳಿಗೂ ಗೊತ್ತಿತ್ತು. ಅವಳು ದೊಡ್ಡವಳಾದ ದಿನ ಅಮ್ಮ ಅವಳ ಕೈಯಲ್ಲೇ ಬಕೆಟ್ಟು ಹಿಡಿಸಿ ಹೇಳಿಕೊಟ್ಟಿದ್ದಳು. ಇದನ್ನು ನೆನಪಿಟ್ಟುಕೊಳ್ಳಿ. ಗೊತ್ತಿಲ್ಲದೆ ಮಾಡಿದಳು ಅಂತ ಆಮೇಲೆ ಯಾರೂ ಹೇಳೋ ಹಾಗಿಲ್ಲ.

ಆ ಹುಡುಗಿ ಹನ್ನೆರಡು ವರ್ಷದವಳಿದ್ದಾಗಿಂದ ಪ್ರತಿ ಭಾನುವಾರ ಸಂಜೆ ಟಿವಿ ಮುಂದೆ ಕೂತವಳು. ಕಾರ್ಯಕ್ರಮದ ಹೆಸರು ‘ನಾಳೆಯ ಧಣಿ’. ಎತ್ತರದಲ್ಲಿ ನಾಲ್ಕು ಕುರ್ಚಿ, ಅದರಲ್ಲಿ ನಾಲ್ಕು ಜನ ದುಡ್ಡಿನವರು. ಕೆಳಗೆ ಒಬ್ಬ ಹುಡುಗನೋ ಹುಡುಗಿಯೋ ನಿಂತು, ತಾನು ಕಟ್ಟಬೇಕೆಂದಿರುವ ಕಂಪನಿ ಬಗ್ಗೆ ಐದು ನಿಮಿಷ ಹೇಳಬೇಕು. ಮೇಲಿನವರಿಗೆ ಹಿಡಿಸಿದರೆ ಚಿನ್ನದ ಬಣ್ಣದ ದೀಪ ಹತ್ತುತ್ತೆ, ಚಪ್ಪಾಳೆ ಬೀಳುತ್ತೆ. ಹಿಡಿಸದಿದ್ದರೆ ಹಿಂದಿನ ಬಾಗಿಲಿಂದ ಹೊರಗೆ. ನಡುವೆ ಪಿಟೀಲು ಕೊಯ್ಯುತ್ತಾರೆ, ಯಾರಾದರೂ ಅಳುತ್ತಾರೆ.

ಆ ಬೀದಿಯ ಹುಡುಗರ ಪಾಡು ಕೇಳಬೇಕು ನೀವು. ಲಿಫ್ಟ್ ರಿಪೇರಿ ಕಲಿತಿದ್ದವನು ಕೈಗೆ ಗ್ರೀಸ್ ಅಂಟೋ ಕೆಲಸ ಗುಲಾಮರದು ಅಂತ ಬಿಟ್ಟು ಬಂದ. ಬಂದು ಮೂರು ಕಂಪನಿ ತೆಗೆದ, ಮೂರೂ ಅವನ ಫೋನಿನಲ್ಲೇ ಇದ್ದವು. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅನ್ನೋ ಹಾಗೆ ಕಾರ್ಡು ಮಾತ್ರ ಅಚ್ಚು ಹಾಕಿಸಿದ್ದ. ಅವನಿಗೆ ಮಧ್ಯಾಹ್ನ ಊಟ ಹಾಕುತ್ತಿದ್ದವಳು ಅವನ ಅಕ್ಕ, ಅಂಗಡಿಯೊಂದರಲ್ಲಿ ನೆಲ ಒರೆಸೋಳು. ಅವಳನ್ನು ಅವನು ಸೋತವಳು ಅಂತ ಕರೆಯುತ್ತಿದ್ದ. ಯಾರಾದರೂ ಕೆಲಸಕ್ಕೆ ಸೇರ್ತೀನಿ ಅಂದರೆ ಉಳಿದವರು ಬಿದ್ದು ಬಿದ್ದು ನಗುತ್ತಿದ್ದರು.

ಮನೆಯಲ್ಲೂ ಅದೇ ರಾಗ. ಒಂದು ಸಂಜೆ ದೊಡ್ಡಕ್ಕ ಕೈಯ ಬಿರುಕುಗಳಿಗೆ ಮುಲಾಮು ಹಚ್ಚಿಕೊಳ್ಳುತ್ತಾ ಕೂತಿದ್ದಾಗ ಮಗಳು ಟಿವಿಯಿಂದ ತಿರುಗಿ ನೋಡಿದಳು.

“ಇಪ್ಪತ್ತೆರಡು ವರ್ಷ ಇನ್ನೊಬ್ಬರ ಹೊಲಸು ಒಗೆದೆಯಲ್ಲಮ್ಮ, ಒಂದು ದಿನವಾದರೂ ದೊಡ್ಡದಾಗಿ ಯೋಚನೆ ಮಾಡಿದ್ಯಾ? ಬಡತನ ಜೇಬಲ್ಲಿರಲ್ಲ, ತಲೇಲಿರುತ್ತೆ.”

ಅದು ಅವಳ ಮಾತಲ್ಲ. ಎಡಗಡೆ ಕುರ್ಚಿಯವನದು, ವಾರಕ್ಕೊಂದು ಸಲ ಹೇಳುತ್ತಿದ್ದ.

“ತಲೇಲಿದ್ದಿದ್ದರೆ ಹೇನಿನ ಜೊತೆ ಅದನ್ನೂ ಬಾಚಿ ತೆಗೀತಿದ್ದೆ ಕಣೇ” ಅಂದಳು ದೊಡ್ಡಕ್ಕ. ನಕ್ಕಳು ಕೂಡ. ಆದರೆ ಆ ಮಾತು ಹೊಟ್ಟೆಯಲ್ಲಿ ಉಳಿಯಿತು. ಮಾರನೇ ದಿನ ಶೀಟು ತುಳಿಯುವಾಗ ಮತ್ತೆ ಮತ್ತೆ ನೆನಪಾಗಿ, ಸಿಟ್ಟು ಬಂದು, ಕಾಲು ಜೋರಾಗಿ ಹಾಕಿದಳು.

ಮಗಳೂ ಒಂದು ಯೋಜನೆ ಮಾಡಿದಳು. ಆಸ್ಪತ್ರೆಗಳ ಬಟ್ಟೆಯನ್ನು ಫೋನಿನಲ್ಲಿ ಬುಕ್ ಮಾಡಿಸಿಕೊಂಡು, ವ್ಯಾನಿನಲ್ಲಿ ಒಯ್ದು, ದೊಡ್ಡ ಮಷೀನಿನಲ್ಲಿ ಒಗೆಸಿ ತರೋದು. ‘ಕೈ ಸೋಕದ ಒಗೆತ’ ಅಂತ ಹೆಸರಿಟ್ಟು ‘ನಾಳೆಯ ಧಣಿ’ಗೆ ಬರೆದು ಕಳಿಸಿದಳು. ಇದರಲ್ಲಿ ನಾವು ಐದು ಜನ ಎಲ್ಲಿದ್ದೀವಿ ಅಂತ ಅಮ್ಮ ಕೇಳಿದ್ದಕ್ಕೆ, ನೀವು ರೆಸ್ಟ್ ತಗೋಬಹುದು ಅಂದಳು. ರೆಸ್ಟ್ ತಗೊಂಡು ತಿನ್ನೋದೇನು ಅಂತ ಅಮ್ಮ ಕೇಳಲಿಲ್ಲ. ಹುಡುಗಿ ಕಣ್ಣಲ್ಲಿ ಅಷ್ಟು ಹೊಳಪಿತ್ತು, ಬಾಯಿ ಬರಲಿಲ್ಲ.

ಟಿವಿಯವರು ಫೋನ್ ಮಾಡಿದರು. ಯೋಜನೆ ಬಗ್ಗೆ ಎರಡು ನಿಮಿಷ ಕೇಳಿದರು, ಅಮ್ಮನ ಬಗ್ಗೆ ಅರ್ಧ ಗಂಟೆ. ಅಮ್ಮ ಕೈಯಲ್ಲೇ ಒಗೀತಾರಾ? ರಕ್ತಾನಾ? ಅಪ್ಪ ಬಿಟ್ಟು ಹೋಗಿದ್ದಾರಾ? ಅಯ್ಯೋ, ಅದ್ಭುತ, ಅಂದರಂತೆ. ಮಗಳು ಇದನ್ನು ಕುಣಿದಾಡಿಕೊಂಡು ಹೇಳಿದಳು.

ಒಂದು ಬೆಳಿಗ್ಗೆ ಕ್ಯಾಮೆರಾ ಹಿಡಿದುಕೊಂಡು ಆರು ಜನ ಶೆಡ್ಡಿಗೆ ಬಂದರು, ಜೊತೆಗೆ ಮಗಳೂ. ಆಸ್ಪತ್ರೆಯವರು ಖುಷಿಯಿಂದ ಬಾಗಿಲು ತೆಗೆದರು, ತಮ್ಮ ಬೋರ್ಡೂ ಟಿವಿಯಲ್ಲಿ ಬರುತ್ತೆ ಅಂತ. ಶೆಡ್ಡಿನ ಸೂಪರ್‌ವೈಸರ್ ತಲೆ ಬಾಚಿಕೊಂಡು ಕ್ಯಾಮೆರಾದ ಅಕ್ಕಪಕ್ಕದಲ್ಲೇ ಸುಳಿದಾಡುತ್ತಿದ್ದ. ಬಂದವರಿಗೆ ಯಜಮಾನ ಒಬ್ಬ ಟೋಪಿಯವನು. ಅವನು ಮೊದಲು ಮಾಡಿದ ಕೆಲಸ ಅಂದರೆ ಉಳಿದ ನಾಲ್ಕು ಜನ ಹೆಂಗಸರನ್ನು ಗೇಟಿನಾಚೆ ಕಳಿಸಿದ್ದು. ಅವನಿಗೆ ಒಂಟಿ ತಾಯಿ ಬೇಕಿತ್ತು. ಆ ದಿನ ತಣ್ಣೀರ ತೊಟ್ಟಿಯ ಪಾಳಿ ಕಡ್ಡಿಯದು. ಕಡ್ಡಿ ಅಂದರೆ ಐವರಲ್ಲಿ ಕಿರಿಯಳು, ಗಾಳಿ ಬೀಸಿದರೆ ಹಾರಿಹೋಗೋ ಹೆಣ್ಣು, ಮನೆಯಲ್ಲಿ ಹಾಸಿಗೆ ಹಿಡಿದ ಗಂಡ. ತೊಟ್ಟಿ ಬಿಟ್ಟು ಹೋಗಬಾರದು ಕಣಣ್ಣ ಅಂತ ಅವಳು ಎರಡು ಸಲ ಹೇಳಿದಳು. ಸೂಪರ್‌ವೈಸರೇ ಕೈಬೀಸಿ, ಹೋಗು ಹೋಗು ಅಂದ.

ಆಮೇಲೆ ದೊಡ್ಡಕ್ಕನ ಗ್ಲೌಸು ಬಿಚ್ಚಿಸಿದರು. ಬರಿಗೈ ಚೆನ್ನಾಗಿ ಕಾಣುತ್ತಂತೆ. ಬೆರಳು ಹೋದವಳು ಗೇಟಿನ ಸರಳು ಹಿಡಿದು ಅದನ್ನು ನೋಡುತ್ತಿದ್ದಳು. ಮುಖ ಯಾಕೆ ಇಷ್ಟು ಗಟ್ಟಿ ಇದೆ, ಸ್ವಲ್ಪ ಸೋತ ಹಾಗೆ ಇಟ್ಕೊಳ್ಳಿ ಅಂದರು. ಒದ್ದೆ ಗಂಟು ಹೊತ್ತುಕೊಂಡು ಗೇಟಿಂದ ಶೆಡ್ಡಿಗೆ ನಡೆಯಿರಿ ಅಂದರು. ನಡೆದಳು. ಇನ್ನೊಂದು ಸಲ ಅಂದರು. ಒದ್ದೆ ಗಂಟು ಒಂದು ಮಗುವಿನಷ್ಟು ಭಾರ. ಏಳು ಸಲ ಹೊರಿಸಿದರು. ಏಳನೇ ಸಲಕ್ಕೆ ಅವಳು ನಿಜಕ್ಕೂ ಮುಗ್ಗರಿಸಿದಳು, ಟೋಪಿಯವನಿಗೆ ಸಮಾಧಾನವಾಯಿತು.

ಆಮೇಲೆ ಹಬೆ ಕೇಳಿದ. ತೊಟ್ಟಿಯಿಂದ ಹಬೆ ಏಳಬೇಕು, ಅದರ ನಡುವೆ ಅಮ್ಮನ ಮುಖ ಕಾಣಬೇಕು. ದೊಡ್ಡಕ್ಕ ಬಿಡಿಸಿ ಹೇಳಿದಳು: ಇದು ತಣ್ಣೀರ ತೊಟ್ಟಿ, ಒಳಗಿರೋದು ಥಿಯೇಟರಿನ ಶೀಟು, ಬಿಸಿ ತಾಕಿದರೆ ಕಲೆ ಕೂತುಬಿಡುತ್ತೆ, ಬೇಕಿದ್ದರೆ ಆಚೆ ತೊಟ್ಟಿಯಲ್ಲಿ ತೆಗೆಯಿರಿ. ಆಚೆ ತೊಟ್ಟಿಗೆ ಬೆಳಕು ಬರಲ್ಲ ಅಂದ. ಹಾಗಾದರೆ ಹಬೆ ಇಲ್ಲ ಅಂದಳು. ಅವನು ವಾದ ಮಾಡಲಿಲ್ಲ. ಮಗಳ ಕಡೆ ನೋಡಿದ, ಅಷ್ಟೆ. ಆಮೇಲೆ, ಅಮ್ಮ ಇನ್ನೊಂದೇ ಒಂದು ಸಲ ಗಂಟು ಹೊತ್ತು ಬಂದುಬಿಡಿ ಅಂದ.

ಎಂಟನೇ ಸಲ ಗೇಟಿಂದ ತಿರುಗಿದಾಗ ಶೆಡ್ಡಿನ ಬಾಗಿಲಿಂದ ಹಬೆ ಬರುತ್ತಿತ್ತು.

ದೊಡ್ಡಕ್ಕ ಗಂಟು ಬಿಸಾಕಿ ಓಡಿದಳು. ಬಾಯ್ಲರಿನ ಕೆಂಪು ನಲ್ಲಿಯ ಮೇಲೆ ಮಗಳ ಕೈಯಿತ್ತು. ತೊಟ್ಟಿ ಕೊತಕೊತ ಅನ್ನುತ್ತಿತ್ತು. ದೊಡ್ಡಕ್ಕ ಹಿಂದೆಮುಂದೆ ನೋಡದೆ ಎರಡೂ ಬರಿಗೈ ಒಳಗೆ ಹಾಕಿ ಶೀಟು ಎಳೆದಳು. ಕೈ ಬೆಂದಿತು. ಎಳೆದಳು. ಕ್ಯಾಮೆರಾ ಒಂದು ಕ್ಷಣವೂ ನಿಲ್ಲಲಿಲ್ಲ. ಸೂಪರ್, ಸೂಪರ್ ಅಂತ ಟೋಪಿಯವನು ಅನ್ನುತ್ತಲೇ ಇದ್ದ. ಮೂವತ್ತೆರಡು ಶೀಟು. ಅಷ್ಟೂ ಕಂದು ಬಣ್ಣಕ್ಕೆ ತಿರುಗಿ ನೆಲದ ಮೇಲೆ ಬಿದ್ದವು.

ಟಿವಿಯವರು ಥ್ಯಾಂಕ್ಸ್ ಹೇಳಿ ಹೋದರು. ಮಾರನೇ ಬೆಳಿಗ್ಗೆ ಸೂಪರ್‌ವೈಸರ್ ಕಡ್ಡಿಯನ್ನು ಕೆಲಸದಿಂದ ತೆಗೆದ. ಪಾಳಿ ಅವಳದು, ತೊಟ್ಟಿ ಬಿಟ್ಟು ಹೋದವಳು ಅವಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನೀವೇ ಕಳಿಸಿದಿರಲ್ಲ ಅಂತ ಕಡ್ಡಿ ಅಂದಿದ್ದಕ್ಕೆ ನಾಲಿಗೆ ಉದ್ದ ಅಂತ ಇನ್ನೊಂದು ತಪ್ಪು ಸೇರಿಸಿದ. ದೊಡ್ಡಕ್ಕ ಹೋಗಿ ನಡೆದದ್ದು ನಡೆದ ಹಾಗೆ ಹೇಳಿದಳು. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ಕಾರ್ಯಕ್ರಮ ಇನ್ನೂ ಬರಬೇಕು, ಆಸ್ಪತ್ರೆ ಹೆಸರಿನ ಪ್ರಶ್ನೆ, ನಿನ್ನ ಮಾತು ಯಾರಿಗೆ ಬೇಕು, ನಲ್ಲಿ ತಿರುಗಿಸಿದವಳೇ ಬಂದು ಹೇಳಲಿ ನೋಡೋಣ ಅಂದ. ಹೇಳಲ್ಲ ಅಂತ ಅವನಿಗೆ ಗೊತ್ತಿತ್ತು.

ಮಗಳು ಹೇಳಲಿಲ್ಲ. ಈಗ ಹೇಳಿದರೆ ಟಿವಿಯವರು ಕೈಬಿಡ್ತಾರೆ ಅಂದಳು. ಅಮ್ಮನ ಬೆಂದ ಕೈಗೆ ಬಟ್ಟೆ ಸುತ್ತುತ್ತಾ ಹೇಳಿದಳು, ಅಳುತ್ತಾ ಹೇಳಿದಳು, ಆದರೆ ಅದನ್ನೇ ಹೇಳಿದಳು.

“ಗೆದ್ದ ಮೇಲೆ ಕಡ್ಡಿ ಚಿಕ್ಕಮ್ಮಂಗೆ ನಾನೇ ಕೆಲಸ ಕೊಡ್ತೀನಮ್ಮ. ರಿಸ್ಕ್ ತಗೊಳ್ಳದೆ ಯಾರೂ ಮೇಲೆ ಬಂದಿಲ್ಲ.”

“ರಿಸ್ಕ್ ತಗೊಂಡೋಳು ನೀನು. ಅನ್ನ ಹೋಗಿದ್ದು ಅವಳದು. ಇದ್ಯಾವ ಸೀಮೆ ರಿಸ್ಕೇ?”

ಕುರ್ಚಿಯ ಮೇಲಿನ ನಾಲ್ವರು ಮಗಳಿಗೆ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ. ಆ ರಾತ್ರಿ ದೊಡ್ಡಕ್ಕನಿಗೆ ಮಗಳ ಮುಖ ನೋಡೋಕೆ ಅಸಹ್ಯವಾಯಿತು. ಹೆತ್ತ ಮಗಳ ಮೇಲೆ ಅಸಹ್ಯ ಬಂತಲ್ಲ ಅಂತ ತನ್ನ ಮೇಲೂ ಬಂತು. ಬೆಳಿಗ್ಗೆ ಒಂದು ನಿರ್ಧಾರ ಮಾಡಿದಳು. ಸ್ಟುಡಿಯೋಗೆ ತಾಯಿಯನ್ನೂ ಕರೆದಿದ್ದರು, ಬರಲ್ಲ ಅಂದಿದ್ದವಳು ಬರ್ತೀನಿ ಅಂದಳು. ಮೂವತ್ತೆರಡರಲ್ಲಿ ಒಂದು ಶೀಟು ಮಡಚಿ ಚೀಲದ ತಳಕ್ಕೆ ಹಾಕಿಕೊಂಡಳು.

ಇದ್ದುದರಲ್ಲಿ ಒಳ್ಳೆ ಬಟ್ಟೆಗೆ ಇಸ್ತ್ರಿ ಹಾಕಿ ಉಟ್ಟುಕೊಂಡು ಹೋಗಿದ್ದಳು. ಅಲ್ಲಿ ಅದನ್ನು ಬಿಚ್ಚಿಸಿ ಬಣ್ಣಗೆಟ್ಟ ಬಟ್ಟೆ ಕೊಟ್ಟರು. ಬಣ್ಣ ಹಚ್ಚೋ ಹುಡುಗಿ ಅವಳ ಕೆನ್ನೆಗೆ ಕಪ್ಪು ಬಳಿದು ಗುಳಿ ಮಾಡಿದಳು. ಕೈಯ ಬಟ್ಟೆ ಬಿಚ್ಚಿ, ಗಾಯ ಕಾಣಲಿ ಅಂದರು. ದೊಡ್ಡಕ್ಕ ಹಲ್ಲು ಕಚ್ಚಿ ಎಲ್ಲಕ್ಕೂ ಒಪ್ಪಿದಳು, ಒಪ್ಪದಿದ್ದರೆ ಒಳಗೇ ಬಿಡಲ್ಲ ಅಂತ. ಚೀಲ ಮಾತ್ರ ಕೊಡಲಿಲ್ಲ. ಬಡತಾಯಿ ಕೈಯಲ್ಲಿ ಚೀಲ ಚೆನ್ನಾಗಿರುತ್ತೆ ಅಂತ ಟೋಪಿಯವನೂ ಒಪ್ಪಿದ. ಪಿಟೀಲು ಶುರುವಾದಾಗ ಒಳಗೆ ಬಂದು ಮಗಳನ್ನು ತಬ್ಬಿಕೊಂಡು ಅಳಬೇಕು, ಅಷ್ಟೇ ಕೆಲಸ ಅಂದ.

ಮಗಳು ಬೆಳಕಿನ ನಡುವೆ ನಿಂತಿದ್ದಳು. ಹಿಂದಿನ ದೊಡ್ಡ ಪರದೆಯ ಮೇಲೆ ಹಬೆ ಏಳುತ್ತಿತ್ತು, ಹಬೆಯಲ್ಲಿ ದೊಡ್ಡಕ್ಕನ ಮುಖ, ಬೇಯುತ್ತಿರುವ ಕೈ. ಪಿಟೀಲು ಶುರುವಾಯಿತು. ಯಾರೋ ಬೆನ್ನಿಗೆ ಕೈಹಾಕಿ ತಳ್ಳಿದರು. ಎಡಗಡೆ ಕುರ್ಚಿಯವನು ಮೇಲಿಂದ ಬಗ್ಗಿ, ಈ ನರಕದಿಂದ ನಿಮ್ಮ ಮಗಳು ನಿಮ್ಮನ್ನ ಎತ್ತಿ ಹೊರಗೆ ತರ್ತಿದಾಳೆ, ಹೇಗನಿಸ್ತಿದೆ ಅಮ್ಮ ಅಂತ ಕೇಳಿದ. ದೊಡ್ಡಕ್ಕ ಅಳಲಿಲ್ಲ. ಚೀಲದಿಂದ ಶೀಟು ತೆಗೆದು ಆ ಹೊಳೆಯೋ ನೆಲದ ಮೇಲೆ ಹಾಸಿದಳು.

“ನರಕ ಅಲ್ಲ ಸ್ವಾಮಿ, ಅದು ನನ್ನ ಕೆಲಸ. ಆ ಹಬೆ ಸುಳ್ಳು. ರಕ್ತಕ್ಕೆ ಯಾರೂ ಬಿಸಿನೀರು ಹಾಕಲ್ಲ. ಚೆನ್ನಾಗಿ ಕಾಣಲಿ ಅಂತ ನಿಮ್ಮೋರು ಹಾಕಿಸಿದರು, ನನ್ನ ಮಗಳು ಹಾಕಿದಳು. ಅದಕ್ಕೆ ತಪ್ಪೇ ಮಾಡದವಳೊಬ್ಬಳ ಕೆಲಸ ಹೋಯ್ತು. ಬಡತನ ತಲೇಲಿರುತ್ತೆ ಅಂತೀರಲ್ಲ, ನಿಮ್ಮ ತಲೇಲಿಲ್ಲ ತಾನೆ? ಇಳಿದು ಬನ್ನಿ. ಈ ಕಲೆ ತೆಗೀರಿ.”

ಯಾರೂ ಇಳಿಯಲಿಲ್ಲ. ಚಪ್ಪಾಳೆಗೆಂದು ಕರೆಸಿದ್ದ ಜನ ತಟ್ಟಬೇಕೋ ಬೇಡವೋ ಗೊತ್ತಾಗದೆ ಟೋಪಿಯವನ ಕೈ ನೋಡುತ್ತಿದ್ದರು. ಪಿಟೀಲು ಇನ್ನೂ ಸ್ವಲ್ಪ ಹೊತ್ತು ಕೊಯ್ಯುತ್ತಿತ್ತು, ಆಮೇಲೆ ಯಾರೋ ನಿಲ್ಲಿಸಿದರು. ಕಟ್ ಅಂದ ಟೋಪಿಯವನು. ಇಬ್ಬರು ಬಂದು ದೊಡ್ಡಕ್ಕನ ತೋಳು ಹಿಡಿದರು. ಅವಳು ಕೊಸರಿಕೊಂಡು ತಾನೇ ಶೀಟು ಮಡಚಿದಳು. ಮಗಳನ್ನು ನೋಡಿ ಒಂದೇ ಸಲ, ಬಾರೇ, ಅಂದಳು. ಮಗಳು ಬೆಳಕು ಬಿಟ್ಟು ಕದಲಲಿಲ್ಲ. ಸೋತವರನ್ನು ಕಳಿಸೋ ಹಿಂದಿನ ಬಾಗಿಲಿಂದ ದೊಡ್ಡಕ್ಕನನ್ನು ಹೊರಗೆ ಹಾಕಿದರು. ಆಚೆ ಕಡೆ ಕಸದ ಡಬ್ಬಿ, ಒಂದು ಮುರಿದ ಏಣಿ, ಬಸ್ ಸ್ಟಾಪಿಗೆ ಹೋಗೋ ದಾರಿ ಇತ್ತು.

ಮಗಳು ಮಾರನೇ ದಿನ ಮಧ್ಯಾಹ್ನ ಮನೆಗೆ ಬಂದಳು. ಅಮ್ಮ ಕೇಳುವ ಮುಂಚೆಯೇ ಗೋಡೆ ನೋಡಿಕೊಂಡು ಹೇಳಿದಳು. ಮತ್ತೆ ಮೊದಲಿಂದ ಶೂಟಿಂಗ್ ಮಾಡಿದರಂತೆ. ತಾಯಿಯಾಗಿ ಬೇರೆ ಯಾರನ್ನೋ ಕರೆಸಿದರಂತೆ. ಅವಳು ಪಿಟೀಲಿಗೆ ಸರಿಯಾಗಿ ಅತ್ತಳಂತೆ, ಟೋಪಿಯವನು ಒಂದೇ ಸಲಕ್ಕೆ ಒಪ್ಪಿದನಂತೆ. ಚಿನ್ನದ ದೀಪ ಹತ್ತಿತಂತೆ, ಫೋನ್ ಮಾಡ್ತೀವಿ ಅಂದರಂತೆ.

“ನನ್ನ ಕೆನ್ನೆ ಮುಟ್ಟಿದಳಮ್ಮ. ಅವಳ ಕೈ ಮೆತ್ತಗಿತ್ತು.”

ದೊಡ್ಡಕ್ಕ ಎದ್ದು ಒಳಗೆ ಹೋದಳು. ಊಟಕ್ಕೆ ಕರೆಯಲಿಲ್ಲ.

ಸೋಮವಾರ ಬೆಳಿಗ್ಗೆ ಗಂಟುಗಳು ಬಂದು ಬಿದ್ದವು. ಕಡ್ಡಿ ಒಳಗೆ ಬರೋ ತನಕ ಗಂಟು ಮುಟ್ಟಲ್ಲ ಅಂತ ನಾಲ್ಕು ಜನ ಹೆಂಗಸರು ಕಲ್ಲಿನ ಮೇಲೆ ಕೈಕಟ್ಟಿ ಕೂತರು. ಐದನೆಯವಳು ಕಡ್ಡಿ ಗೇಟಿನಾಚೆ ನೆಲದ ಮೇಲೆ ಕೂತಳು. ಸೂಪರ್‌ವೈಸರ್ ಮೊದಲು ನಕ್ಕ, ಆಮೇಲೆ ಕೂಗಾಡಿದ. ನಿನ್ನ ಮಗಳೇ ಮಷೀನು ತರ್ತಾಳಲ್ಲ, ನಿಮ್ಮ ಕೈ ಯಾರಿಗೆ ಬೇಕು ಅಂತ ದೊಡ್ಡಕ್ಕನನ್ನು ಹಂಗಿಸಿದ. ಹಾಗಾದರೆ ಮಷೀನು ಬರೋ ತನಕ ನೀನೇ ತುಳಿ ಅಂದಳು ಬೆರಳು ಹೋದವಳು. ಹನ್ನೊಂದಕ್ಕೆ ಥಿಯೇಟರಿನಲ್ಲಿ ಶೀಟು ಮುಗಿಯಿತು. ಹೆಡ್ ನರ್ಸ್ ತಾನೇ ಮೆಟ್ಟಿಲಿಳಿದು ಬಂದಳು. ಸೂಪರ್‌ವೈಸರ್ ಅವಳಿಗೆ ಕಡ್ಡಿಯ ಸೋಮಾರಿತನದ ಕಥೆ ಹೇಳೋಕೆ ಶುರುಮಾಡಿದ.

ಬಾಗಿಲಲ್ಲಿ ಮಗಳು ನಿಂತಿದ್ದಳು. ಯಾವಾಗ ಬಂದಳೋ ಯಾರೂ ನೋಡಿರಲಿಲ್ಲ.

“ಕೆಂಪು ನಲ್ಲಿ ತಿರುಗಿಸಿದ್ದು ನಾನು. ಕಡ್ಡಿ ಚಿಕ್ಕಮ್ಮನ್ನ ಹೊರಗೆ ಕಳಿಸಿದ್ದು ಇವರು. ನಲ್ಲಿ ತಿರುಗಿಸುವಾಗ ಇವರು ಇಲ್ಲೇ ನಿಂತು ತಲೆ ಬಾಚ್ಕೋತಾ ಇದ್ದರು.”

ಹೆಡ್ ನರ್ಸ್ ಸೂಪರ್‌ವೈಸರನ ಮುಖ ನೋಡಿದಳು. ಅವನು ಆಸ್ಪತ್ರೆಯ ಹೆಸರು ಅಂತ ಏನೋ ತೊದಲಿದ. ನನಗೆ ಶೀಟು ಬೇಕು, ಆ ಹೆಂಗಸನ್ನ ಒಳಗೆ ಕರಿ ಅಂದಳು ಹೆಡ್ ನರ್ಸ್. ನ್ಯಾಯ ಬೇಕಂತಲ್ಲ, ಶೀಟು ಬೇಕಂತ. ಇರಲಿ. ಕಡ್ಡಿ ಎದ್ದು, ಧೂಳು ಕೊಡವಿ, ಗೇಟು ದಾಟಿ ಬಂದು ಗ್ಲೌಸು ಹಾಕಿಕೊಂಡಳು. ಮಗಳು ಅವಳ ಕಾಲು ಹಿಡಿಯೋಕೆ ಬಗ್ಗಿದರೆ, ಕಾಲಡಿ ಬರ್ಬೇಡ, ಗಂಟು ಬಿಚ್ಚಬೇಕು ಅಂತ ಕಡ್ಡಿ ಪಕ್ಕಕ್ಕೆ ಸರಿದಳು.

ಹುಡುಗಿ ತೊಟ್ಟಿಯ ಅಂಚಿಗೆ ಹೋಗಿ ತೋಳು ಮಡಚಿದಳು. ಇವತ್ತಿಂದ ನಾನೂ ಒಗೀತೀನಿ, ನನಗೆ ಆಗಬೇಕಾದ್ದೇ ಅಂದಳು. ದೊಡ್ಡಕ್ಕನಿಗೆ ಅಷ್ಟು ದಿನ ಅದುಮಿಟ್ಟಿದ್ದ ಸಿಟ್ಟೆಲ್ಲ ಆಗ ಬಂತು.

“ಇದು ಶಿಕ್ಷೆ ಅಂದ್ಕೊಂಡ್ಯಾ? ಇದು ಕೆಲಸ ಕಣೇ. ತಪ್ಪು ಮಾಡಿದೋರನ್ನ ತಂದು ಹಾಕೋ ಜಾಗ ಅಲ್ಲ. ಇಲ್ಲಿ ಐದು ಜನರ ಮುಂದೆ ಹೇಳಿದೆ, ಭಾನುವಾರ ಊರೆಲ್ಲ ನೋಡುತ್ತಲ್ಲ, ಅಲ್ಲೇನು ಹೇಳ್ತೀಯ?”

ಟಿವಿಯವರ ಫೋನ್ ಬರಲಿಲ್ಲ. ಭಾನುವಾರ ಬಂತು. ಬೀದಿಯ ಹುಡುಗರು ಹುಡುಗಿಯರು ಲಿಫ್ಟ್ ರಿಪೇರಿಯವನ ಮನೆಯಲ್ಲಿ ಕಾಲಿಡೋಕೂ ಜಾಗವಿಲ್ಲದಂತೆ ತುಂಬಿದ್ದರು. ತಮ್ಮ ಬೀದಿಯ ಹುಡುಗಿ ಟಿವಿಯಲ್ಲಿ ಬರ್ತಾಳೆ ಅಂತ ಸಂಭ್ರಮ. ದೊಡ್ಡಕ್ಕ ಬಾಗಿಲಾಚೆ ಕಡ್ಡಿಯ ಜೊತೆ ನಿಂತಿದ್ದಳು. ಪರದೆಯ ಮೇಲೆ ಹಬೆ ಎದ್ದಿತು, ಈ ಸಲ ಅದರಲ್ಲಿ ದೊಡ್ಡಕ್ಕನ ಮುಖ ಇರಲಿಲ್ಲ, ಬೇಯೋ ಕೈ ಮಾತ್ರ. ಮಗಳು ಮಾತಾಡಿದಳು, ಪಿಟೀಲು ಕೊಯ್ದರು. ಯಾರೋ ಹೆಂಗಸು ಬಂದು ತಬ್ಬಿಕೊಂಡು ಅತ್ತಳು. ಚಿನ್ನದ ದೀಪ ಹತ್ತಿತು. ಹುಡುಗರು ಶಿಳ್ಳೆ ಹೊಡೆದರು. ಆ ಹೆಂಗಸು ದೊಡ್ಡಕ್ಕ ಅಲ್ಲ ಅಂತ ಎಲ್ಲರಿಗೂ ಕಂಡಿತ್ತು, ಒಬ್ಬರೂ ಕೇಳಲಿಲ್ಲ.

ಹುಡುಗರ ನಡುವೆ ಕೂತಿದ್ದ ಮಗಳು ಎದ್ದು ಹೋಗಿ ಟಿವಿಗೆ ಬೆನ್ನು ಕೊಟ್ಟು ನಿಂತಳು.

“ಅವಳು ನಮ್ಮಮ್ಮ ಅಲ್ಲ. ನಮ್ಮಮ್ಮ ಅಳಲಿಲ್ಲ, ಅದಕ್ಕೆ ಆಚೆ ಹಾಕಿದರು. ಆ ಹಬೆ ಬಿಟ್ಟೋಳು ನಾನು. ರಕ್ತಕ್ಕೆ ತಣ್ಣೀರು ಹಾಕ್ತಾರೆ.”

ಏನಾಯ್ತೇ ನಿಂಗೆ, ಗೆದ್ದಿದ್ದೀಯ ಕಣೇ ಅಂದ ಲಿಫ್ಟ್ ರಿಪೇರಿಯವನು. ಇನ್ನೊಬ್ಬ ಹುಡುಗ ಟಿವಿಗೆ ಬಂದಿದ್ದ, ಅವನ ಐದು ನಿಮಿಷ ಶುರುವಾಗಿತ್ತು. ಅಡ್ಡ ನಿಲ್ಬೇಡ, ಕಾಣಲ್ಲ, ಕೂತ್ಕೋ ಅಂತ ಹಿಂದಿನವರು ಕೂಗಿದರು. ಯಾರೋ ಚಪ್ಪಲಿ ಎಸೆದರು, ಅದು ಅವಳ ಭುಜಕ್ಕೆ ತಾಗಿ ಬಿತ್ತು. ಅವಳು ಕೂರಲಿಲ್ಲ. ದೊಡ್ಡಕ್ಕ ಬಾಗಿಲಿಂದ ಒಳಗೆ ಬಂದಳು, ಕೂತವರ ಕಾಲುಗಳನ್ನು ದಾಟಿಕೊಂಡು ಮುಂದೆ ಹೋದಳು, ಮಗಳ ಪಕ್ಕದಲ್ಲಿ ತಾನೂ ಅಡ್ಡ ನಿಂತಳು.